ಬ್ರೌನ್ ಮೇಷ್ಟ್ರು ಮತ್ತು ನಮ್ಮ ತೆಳ್ಳನೆಯ ಪರದೆ

ಬೆರಳಿನಷ್ಟು ದಪ್ಪದ ಆಲ್‌-ಇನ್‌-ಒನ್ ಕಂಪ್ಯೂಟರನ್ನು ನೀವು ಬ್ಯಾಂಕಿನಲ್ಲೋ ಆಸ್ಪತ್ರೆಯ ಕೌಂಟರಿನಲ್ಲೋ ನೋಡಿರುತ್ತೀರಿ. ಪಕ್ಕದಲ್ಲಿ ಸಿಪಿಯು ಡಬ್ಬವಿಲ್ಲ, ಮೇಜಿನ ಕೆಳಗೆ ವೈರುಗಳ ಸಿಕ್ಕು ಇಲ್ಲ. ಇರುವುದೆಲ್ಲ ಪರದೆಯ ಬೆನ್ನಿಗೇ ಅಂಟಿಕೊಂಡಿದೆ. ನಾವು ಶಾಲೆಯಲ್ಲಿದ್ದಾಗ ಕಂಡ ಮಾನಿಟರುಗಳಿಗೆ ಬೆನ್ನ ಹಿಂದೆ ದೊಡ್ಡ ಗೂನು ಇರುತ್ತಿತ್ತು. ಆ ಗೂನಿನೊಳಗೆ ಗಾಜಿನ ಪಿಕ್ಚರ್ ಟ್ಯೂಬ್ ಇತ್ತು. ಜರ್ಮನ್ನರು, ಜಪಾನೀಯರು ಅದನ್ನು ಅದರ ಜನಕನ ಹೆಸರಿನಿಂದ ಬ್ರೌನ್ ಟ್ಯೂಬ್ ಎಂದೇ ಕರೆದರು. ಆ ಬ್ರೌನ್ ಯಾರು? ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ಫರ್ಡಿನೆಂಡ್ ಬ್ರೌನ್. ಆದರೆ ನನಗೆ ಅವರು ಹತ್ತಿರವಾಗಿದ್ದು ಬೇರೆ ಕಾರಣಕ್ಕೆ. ಡಾಕ್ಟರೇಟ್ ಪಡೆದ ಮೇಲೂ ಹೊಟ್ಟೆಪಾಡಿಗಾಗಿ ಅವರು ಹೈಸ್ಕೂಲ್ ಮೇಷ್ಟ್ರಾಗಿದ್ದರು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ., ಆಮೇಲೆ ಬಿ.ಇಡಿ. ಮುಗಿಸಿ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಸಂಜೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆ. ಯಾವುದೇ ಮದುವೆಮನೆಗೆ ಹೋದರೂ ಪರ್ಮನೆಂಟ್ ಯಾವಾಗ ಎಂಬ ಪ್ರಶ್ನೆ ಊಟಕ್ಕಿಂತ ಮೊದಲು ಬಡಿಸಲಾಗುತ್ತದೆ. ನನ್ನಂಥವರು ಈ ಪುಟ ಓದುವವರಲ್ಲಿ ನೂರಾರು ಮಂದಿ ಇರಬಹುದು. ಕಾಯುವ ಈ ವರ್ಷಗಳು ಲೆಕ್ಕಕ್ಕೆ ಬರುತ್ತವೆಯೇ ಎಂಬ ಸಂಶಯ ಕಾಡುವವರಿಗೆ ಬ್ರೌನ್ ಅವರ ಬದುಕನ್ನು ಹೇಳಬೇಕು ಅನಿಸಿತು.

ಹರಳು ಮುಟ್ಟಿದ ಕೈ

ಬ್ರೌನ್ ಹುಟ್ಟಿದ್ದು 1850ರ ಜೂನ್ 6ರಂದು, ಜರ್ಮನಿಯ ಫುಲ್ಡಾ ಪಟ್ಟಣದಲ್ಲಿ. ತಂದೆ ಸರ್ಕಾರಿ ನೌಕರರು. ಮಾರ್ಬರ್ಗ್ ಮತ್ತು ಬರ್ಲಿನ್‌ನಲ್ಲಿ ಓದಿ, 1872ರಲ್ಲಿ ತಂತಿಗಳ ಕಂಪನದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ವೂರ್ಜ್‌ಬರ್ಗ್‌ನಲ್ಲಿ ಪ್ರೊಫೆಸರೊಬ್ಬರ ಸಹಾಯಕರಾಗಿ ಸೇರಿದರು. ಆದರೆ ಸಹಾಯಕನ ಸಂಬಳ ಎಷ್ಟೆಂದು ಯಾವ ಕಾಲದ, ಯಾವ ದೇಶದ ಸಂಶೋಧನಾ ವಿದ್ಯಾರ್ಥಿಗೂ ಬಿಡಿಸಿ ಹೇಳಬೇಕಿಲ್ಲ. ಬ್ರೌನ್ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆದು ಪಾಸಾದರು. 1874ರಲ್ಲಿ ಲೈಪ್ಜಿಗ್ ನಗರದ ಸೇಂಟ್ ಥಾಮಸ್ ಶಾಲೆಯಲ್ಲಿ ಪಾಠ ಹೇಳಲು ನಿಂತರು. ಸಂಗೀತಗಾರ ಬಾಖ್ ಹಿಂದಿನ ಶತಮಾನದಲ್ಲಿ ಮಕ್ಕಳಿಗೆ ಹಾಡು ಕಲಿಸಿದ್ದು ಇದೇ ಶಾಲೆಯಲ್ಲಿ.

ಅದೇ 1874ರಲ್ಲಿ ಇಪ್ಪತ್ತನಾಲ್ಕರ ಬ್ರೌನ್ ಒಂದು ಲೇಖನ ಪ್ರಕಟಿಸಿದರು. ಗೆಲೀನಾ ಎಂಬ ಸೀಸದ ಅದಿರು, ಪೈರೈಟ್ ಮುಂತಾದ ಹರಳುಗಳಿಗೆ ಲೋಹದ ತಂತಿ ತಾಗಿಸಿ ವಿದ್ಯುತ್ ಹರಿಸಿದರೆ ಅದು ಎರಡೂ ಕಡೆಗೆ ಒಂದೇ ಸಮನಾಗಿ ಹರಿಯುವುದಿಲ್ಲ. ಒಂದು ದಿಕ್ಕಿಗೆ ಸರಾಗ, ತಿರುಗಿಸಿದರೆ ತಡೆ. ಏಕಮುಖ ಸಂಚಾರದ ರಸ್ತೆಯಿದ್ದ ಹಾಗೆ. ಓಮ್‌ನ ನಿಯಮವನ್ನು ನಂಬಿದ್ದ ಅಂದಿನವರಿಗೆ ಇದು ವಿಚಿತ್ರವಾಗಿ ಕಂಡಿತು. ಉಪಯೋಗವೇನೆಂದು ಯಾರಿಗೂ ಹೊಳೆಯಲಿಲ್ಲ. ಬ್ರೌನ್ ಕೂಡ ಕಾರಣ ವಿವರಿಸುವ ಸ್ಥಿತಿಯಲ್ಲಿರಲಿಲ್ಲ, ಏಕೆಂದರೆ ಆಗಿನ್ನೂ ಎಲೆಕ್ಟ್ರಾನೇ ಪತ್ತೆಯಾಗಿರಲಿಲ್ಲ. ಇಂದು ನಾವು ಆ ಗುಣವನ್ನು ಪಿಯುಸಿ ಪುಸ್ತಕದಲ್ಲಿ ಡಯೋಡ್ ಎಂಬ ಪಾಠದಲ್ಲಿ ಓದುತ್ತೇವೆ.

ಸುಮಾರು ಕಾಲು ಶತಮಾನ ಆ ಲೇಖನ ಹೆಚ್ಚುಕಡಿಮೆ ಸುಮ್ಮನೆ ಬಿದ್ದಿತ್ತು. ರೇಡಿಯೋ ಬಂದ ಮೇಲೆ ಅಲೆಗಳನ್ನು ಹಿಡಿಯಲು ಹರಳು ಬೇಕಾಯಿತು. ನಮ್ಮ ಜಗದೀಶಚಂದ್ರ ಬೋಸರು ಗೆಲೀನಾ ಹರಳಿನ ಗ್ರಾಹಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದದ್ದು ಇದೇ ಹಾದಿಯಲ್ಲಿ.

ಲೈಪ್ಜಿಗ್‌ನಲ್ಲಿ ಮೇಷ್ಟ್ರಾಗಿದ್ದು ಎರಡೇ ವರ್ಷ. ಗಣಿತ ಮತ್ತು ವಿಜ್ಞಾನದಲ್ಲಿ ಆಸಕ್ತಿಯಿರುವ ಹುಡುಗರಿಗಾಗಿ ಅವರು ಒಂದು ಪುಸ್ತಕವನ್ನೂ ಬರೆದರು. 1876ರಲ್ಲಿ ಮಾರ್ಬರ್ಗ್ ವಿಶ್ವವಿದ್ಯಾಲಯ ಕರೆಯಿತು. ಆಮೇಲೆ ಊರಿಂದೂರಿಗೆ ವರ್ಗವಾಗುವ ನೌಕರನ ಬದುಕು: 1880ರಲ್ಲಿ ಸ್ಟ್ರಾಸ್‌ಬರ್ಗ್, 1883ರಲ್ಲಿ ಕಾರ್ಲ್ಸ್‌ರೂಹೆ, 1885ರಲ್ಲಿ ಟ್ಯೂಬಿಂಗೆನ್. ಅಲ್ಲಿ ಹೊಸ ಭೌತಶಾಸ್ತ್ರ ಸಂಸ್ಥೆ ಕಟ್ಟಿಸುವ ಹೊಣೆಯೂ ಹೆಗಲಿಗೆ ಬಿತ್ತು. 1895ರಲ್ಲಿ ಮತ್ತೆ ಸ್ಟ್ರಾಸ್‌ಬರ್ಗ್‌ಗೆ, ಈ ಬಾರಿ ಸಂಸ್ಥೆಯ ಮುಖ್ಯಸ್ಥರಾಗಿ.

ಕಣ್ಣಿಗೆ ಕಂಡ ವಿದ್ಯುತ್

ಬಿ.ಎಸ್ಸಿ. ಲ್ಯಾಬಿನಲ್ಲಿ ಸಿಆರ್‌ಒ ಬಳಸಿದವರಿಗೆ ಮುಂದಿನ ಕಥೆ ಸುಲಭ. ಪರ್ಯಾಯ ವಿದ್ಯುತ್ ಪ್ರವಾಹ ಸೆಕೆಂಡಿಗೆ ಹತ್ತಾರು ಬಾರಿ ದಿಕ್ಕು ಬದಲಿಸುತ್ತದೆ. ಅದರ ಏರಿಳಿತವನ್ನು ನೋಡುವುದು ಹೇಗೆ? ಮೀಟರಿನ ಮುಳ್ಳು ಭಾರ, ಅಷ್ಟು ಬೇಗ ಕುಣಿಯಲಾರದು. ಭಾರವೇ ಇಲ್ಲದಂಥ ಮುಳ್ಳು ಬೇಕು. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಹರಿಯುವ ಕ್ಯಾಥೋಡ್ ಕಿರಣವನ್ನೇ ಮುಳ್ಳು ಮಾಡಿಕೊಳ್ಳಬಹುದು ಎಂದು ಬ್ರೌನ್‌ಗೆ ಹೊಳೆಯಿತು. ಕೊಳವೆಯ ಒಂದು ತುದಿಯಿಂದ ಹೊರಟ ಕಿರಣ ಸಣ್ಣ ತೂತಿನಲ್ಲಿ ತೂರಿ, ಇನ್ನೊಂದು ತುದಿಯಲ್ಲಿ ಹೊಳೆಯುವ ಲೇಪವಿದ್ದ ಅಭ್ರಕದ ಪರದೆಗೆ ಬಡಿದು ಚುಕ್ಕೆಯಾಗಿ ಮಿನುಗುತ್ತಿತ್ತು. ಪಕ್ಕದಲ್ಲಿಟ್ಟ ತಂತಿಸುರುಳಿಗೆ ವಿದ್ಯುತ್ ಕೊಟ್ಟರೆ ಚುಕ್ಕೆ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ಅಡ್ಡಕ್ಕೆ ಹರಡಿ ನೋಡಲು ಅವರು ತಿರುಗುವ ಕನ್ನಡಿ ಬಳಸಿದರು. ಎರಡು ವರ್ಷಗಳ ನಂತರ ಅವರ ಸಹಾಯಕ ಜೊನಾಥನ್ ಜೆನೆಕ್ ಚುಕ್ಕೆಯನ್ನು ಕೊಳವೆಯೊಳಗೇ ಅಡ್ಡಡ್ಡ ಓಡಿಸುವ ಏರ್ಪಾಡು ಮಾಡಿದರು.

ಇದು ಪ್ರಕಟವಾಗಿದ್ದು 1897ರ ಫೆಬ್ರುವರಿಯಲ್ಲಿ. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಜೆ.ಜೆ. ಥಾಮ್ಸನ್ ಆ ಕಿರಣ ಎಂದರೆ ಕಣಗಳ ಪ್ರವಾಹ ಎಂದು ತೋರಿಸಿದರು. ಬ್ರೌನ್ ತಮ್ಮ ಕೊಳವೆಗೆ ಪೇಟೆಂಟ್ ಮಾಡಿಸಲಿಲ್ಲ. ಬೇಕಾದವರು ಮಾಡಿಕೊಳ್ಳಲಿ ಎಂಬಂತೆ ಎಲ್ಲ ವಿವರಗಳನ್ನೂ ಬರೆದುಕೊಟ್ಟರು.

ಹೆಸರು ತಂದುಕೊಟ್ಟದ್ದು ಬೇರೆಯೇ ಕೆಲಸ. ಮಾರ್ಕೊನಿಯ ಆರಂಭದ ಯಂತ್ರದಲ್ಲಿ ಕಿಡಿ ನೇರವಾಗಿ ಆಂಟೆನಾದಲ್ಲೇ ಹಾರುತ್ತಿತ್ತು. ಹಾಗಾಗಿ ಅಲೆ ಬೇಗ ನಂದುತ್ತಿತ್ತು, ದೂರಕ್ಕೆ ತಲುಪುತ್ತಿರಲಿಲ್ಲ. ಬ್ರೌನ್ ಕಿಡಿಯ ಮಂಡಲವನ್ನೂ ಆಂಟೆನಾವನ್ನೂ ಬೇರ್ಪಡಿಸಿ, ಟ್ರಾನ್ಸ್‌ಫಾರ್ಮರ್ ಮೂಲಕ ಜೋಡಿಸಿದರು. 1909ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಇಬ್ಬರಿಗೂ ಹಂಚಿಕೆಯಾಯಿತು.

ಗೂನು ಏಕೆ ಬಂತು, ಹೇಗೆ ಹೋಯಿತು

ಬ್ರೌನ್ ಕೊಳವೆ ಮುಂದೆ ಟಿವಿಯಾಯಿತು, ರೇಡಾರ್ ಆಯಿತು, ಕಂಪ್ಯೂಟರಿನ ಪರದೆಯಾಯಿತು. 1977ರ ಕಮೋಡೋರ್ ಪೆಟ್, 1984ರ 9 ಇಂಚಿನ ಕಪ್ಪುಬಿಳುಪು ಪರದೆಯ ಆಪಲ್ ಮ್ಯಾಕಿಂಟಾಷ್ ಇವೆಲ್ಲ ಆಗಿನ ಆಲ್‌-ಇನ್‌-ಒನ್‌ಗಳೇ. ಪರದೆ, ಯಂತ್ರ ಒಂದೇ ಪೆಟ್ಟಿಗೆಯಲ್ಲಿ ಇದ್ದವು. ತೆಳ್ಳಗೆ ಮಾತ್ರ ಇರಲಿಲ್ಲ. ಏಕೆಂದರೆ ಹಿಂದಿನ ತುದಿಯಿಂದ ಹೊರಟ ಕಿರಣ ಪರದೆಯ ನಾಲ್ಕೂ ಮೂಲೆಗೆ ಬಾಗಿ ತಲುಪಲು ದೂರ ಬೇಕು. ದೂರ ಕಡಿಮೆ ಮಾಡಿದರೆ ಕಿರಣವನ್ನು ಜೋರಾಗಿ ಬಾಗಿಸಬೇಕು, ಆಗ ಮೂಲೆಯಲ್ಲಿ ಚಿತ್ರ ಕೆಡುತ್ತದೆ. ಒಳಗೆ ನಿರ್ವಾತ, ಹೊರಗೆ ವಾತಾವರಣದ ಒತ್ತಡ. ಅದನ್ನು ತಡೆಯಲು ದಪ್ಪ ಗಾಜು. ಪರದೆ ದೊಡ್ಡದಾದಷ್ಟೂ ಗೂನೂ ತೂಕವೂ ಹೆಚ್ಚಿದವು. 1998ರ ಬಣ್ಣದ ಐಮ್ಯಾಕ್ ಎಷ್ಟೇ ಚೆಂದವಿದ್ದರೂ ಬೆನ್ನು ಉಬ್ಬಿಯೇ ಇತ್ತು.

ಗೂನು ಕರಗಿಸಿದ್ದು ದ್ರವ ಹರಳು, ಅಂದರೆ ಎಲ್‌ಸಿಡಿ. ಇಲ್ಲೊಂದು ಸೋಜಿಗವಿದೆ. 1885ರಲ್ಲಿ ಬ್ರೌನ್ ಬಿಟ್ಟುಬಂದ ಕಾರ್ಲ್ಸ್‌ರೂಹೆಯ ಕುರ್ಚಿಗೆ ಬಂದವರು ಹೈನ್ರಿಕ್ ಹರ್ಟ್ಸ್. ಅಲ್ಲೇ ಅವರು ರೇಡಿಯೋ ಅಲೆಗಳನ್ನು ಕಂಡುಕೊಂಡರು. 1889ರಲ್ಲಿ ಹರ್ಟ್ಸ್ ನಂತರ ಬಂದವರು ಓಟ್ಟೊ ಲೇಮಾನ್, ದ್ರವ ಹರಳುಗಳ ಅಧ್ಯಯನಕ್ಕೆ ತಳಪಾಯ ಹಾಕಿದವರು. ಗಾಜಿನ ಕೊಳವೆ ತಂದವರು, ಅದನ್ನು ಮುಂದೆ ಮೂಲೆಗೆ ತಳ್ಳಲಿದ್ದ ವಸ್ತುವನ್ನು ಅರಿತವರು, ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತಿದ್ದವರು!

ದ್ರವ ಹರಳಿಗೆ ಬೆಳಕು ಸೂಸುವ ಶಕ್ತಿಯಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಚುಕ್ಕೆಚುಕ್ಕೆಯಾಗಿ ಬಿಡುವುದು, ತಡೆಯುವುದು ಅಷ್ಟೇ ಅದರ ಕೆಲಸ. ಕಿರಣ ಓಡಾಡುವ ದೂರ ಬೇಡ, ಆದ್ದರಿಂದ ಗೂನೂ ಬೇಡ. 2004ರ ಐಮ್ಯಾಕ್‌ನಲ್ಲಿ ಇಡೀ ಯಂತ್ರ ಚಪ್ಪಟೆ ಪರದೆಯ ಬೆನ್ನಿಗೆ ಹೋಯಿತು. 2021ರಲ್ಲಿ ಬಂದ 24 ಇಂಚಿನ ಮಾದರಿಯ ದಪ್ಪ 11.5 ಮಿಲಿಮೀಟರ್.

ಕೊಳ್ಳುವವರಿಗೆ ನಾಲ್ಕು ಮಾತು

ಇತ್ತೀಚೆಗೆ ನಮ್ಮೂರಿನ ಓದುವ ಕೊಠಡಿಗೆ ದಾನಿಗಳೊಬ್ಬರು ಎರಡು ಕಂಪ್ಯೂಟರ್ ಕೊಡಿಸಲು ಮುಂದಾದರು. ಯಾವುದು ಒಳ್ಳೆಯದೆಂದು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಬ್ರೌನ್ ಕಥೆಯನ್ನು ತಿಳಿದಿದ್ದರಿಂದ ನಾನು ಅಂಗಡಿಯಲ್ಲಿ ಮೊದಲು ನೋಡಿದ್ದು ಪರದೆಯನ್ನು. ಪ್ರೊಸೆಸರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಆದರೆ ದಿನಕ್ಕೆ ಆರು ಗಂಟೆ ಪಿಡಿಎಫ್ ಓದುವವರ ಕಣ್ಣು ತಾಗುವುದು ಪರದೆಗೆ.

ಪರದೆಯ ಅಳತೆಯೊಂದೇ ಮುಖ್ಯವಲ್ಲ, ಅದರಲ್ಲಿ ಎಷ್ಟು ಚುಕ್ಕೆಗಳಿವೆ ಎಂಬುದೂ ಮುಖ್ಯ. 1920×1080 ಚುಕ್ಕೆಗಳ ಫುಲ್ ಎಚ್‌ಡಿ ಪರದೆ 24 ಇಂಚಿನದಾದರೆ ಒಂದು ಇಂಚಿಗೆ ಸುಮಾರು 92 ಚುಕ್ಕೆ ಸಿಗುತ್ತದೆ. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. ಕನ್ನಡದ ಒತ್ತಕ್ಷರಗಳಂಥ ಸಣ್ಣ ರೇಖೆಗಳಲ್ಲಿ ಆ ವ್ಯತ್ಯಾಸ ತಿಳಿಯುತ್ತದೆ. 27 ಇಂಚು ಬೇಕೆಂದರೆ 2560×1440 ನೋಡಿ, ಆಗ ಇಂಚಿಗೆ ಸುಮಾರು 109 ಚುಕ್ಕೆ.

ಐಪಿಎಸ್ ಪರದೆಯಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಕೆಡುವುದಿಲ್ಲ. ಇಬ್ಬರು ಮೂವರು ಸೇರಿ ನೋಡುವ ಕಡೆ ಅದೇ ಸರಿ. ವಿಎ ಪರದೆಯಲ್ಲಿ ಕಪ್ಪು ಹೆಚ್ಚು ಗಾಢವಾಗಿರುತ್ತದೆ. ಟಿಎನ್ ಅಗ್ಗ, ಆದರೆ ಕೋನ ಬದಲಾದರೆ ಬಣ್ಣವೂ ಬದಲು. ಕಿಟಕಿ ಎದುರಿಗಿದ್ದರೆ ಕನ್ನಡಿಯಂತೆ ಹೊಳೆಯುವ ಪರದೆ ಬೇಡ, ಮ್ಯಾಟ್ ಇರಲಿ. ಕತ್ತು ನೋಯಬಾರದೆಂದರೆ ಎತ್ತರ ಹೊಂದಿಸುವ ಸ್ಟ್ಯಾಂಡ್ ಇದೆಯೇ ಕೇಳಿ. ತುಂಬ ತೆಳ್ಳಗಿನ ಅನೇಕ ಮಾದರಿಗಳಲ್ಲಿ ಅದು ಮುಂದೆ ಹಿಂದೆ ವಾಲುತ್ತದೆಯೇ ಹೊರತು ಮೇಲೇಳುವುದಿಲ್ಲ.

ತೆಳುವಾಗಿರುವುದಕ್ಕೆ ಬೆಲೆಯೂ ಇದೆ. ಒಳಗೆ ಜಾಗ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಬಿಡಿಭಾಗಗಳೇ ಇರುತ್ತವೆ. ಕೆಲವುದರಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುವುದರಿಂದ ಮುಂದೆ ಹೆಚ್ಚಿಸಲಾಗದು. ಪರದೆ ಕೆಟ್ಟರೆ ಇಡೀ ಯಂತ್ರ ರಿಪೇರಿಗೆ ಹೋಗಬೇಕು. ಎಚ್‌ಡಿಎಂಐ ಇನ್‌ಪುಟ್ ಇರುವ ಮಾದರಿಯಾದರೆ ಕಂಪ್ಯೂಟರ್ ಹಳತಾದ ಮೇಲೂ ಪರದೆಯನ್ನು ಮಾನಿಟರ್ ಆಗಿ ಬಳಸಬಹುದು. ಬಹುತೇಕ ಮಾದರಿಗಳಲ್ಲಿ ಬ್ಯಾಟರಿ ಇಲ್ಲ. ಕರೆಂಟು ಕೈಕೊಡುವ ಊರಾದರೆ ಯುಪಿಎಸ್ ಲೆಕ್ಕವನ್ನೂ ಸೇರಿಸಿಕೊಳ್ಳಿ. ನಾವು ಕೊನೆಗೆ ಆರಿಸಿದ್ದು 24 ಇಂಚಿನ ಐಪಿಎಸ್, ಮ್ಯಾಟ್ ಪರದೆಯದನ್ನು. ಅಂಗಡಿಯಲ್ಲಿದ್ದವುಗಳಲ್ಲಿ ಅದು ಅತಿ ತೆಳ್ಳಗಿನದಾಗಿರಲಿಲ್ಲ.

ಹೋದದ್ದು, ಉಳಿದದ್ದು

1914ರ ಡಿಸೆಂಬರಿನಲ್ಲಿ ಬ್ರೌನ್ ನ್ಯೂಯಾರ್ಕಿಗೆ ಹಡಗು ಹತ್ತಿದರು. ಅಲ್ಲಿ ಜರ್ಮನ್ ರೇಡಿಯೋ ಕೇಂದ್ರದ ಮೇಲೆ ಮಾರ್ಕೊನಿ ಕಂಪನಿ ಹೂಡಿದ್ದ ಪೇಟೆಂಟ್ ಮೊಕದ್ದಮೆಯಲ್ಲಿ ಅವರು ಸಾಕ್ಷಿ ಹೇಳಬೇಕಿತ್ತು. ಮೊದಲ ಮಹಾಯುದ್ಧ ಶುರುವಾಗಿತ್ತು. ಸಮುದ್ರ ಬ್ರಿಟಿಷರ ಕೈಯಲ್ಲಿತ್ತು, ಹಿಂದಿರುಗುವ ದಾರಿ ಮುಚ್ಚಿತು. ಬ್ರೂಕ್ಲಿನ್‌ನಲ್ಲಿದ್ದ ಮಗನ ಮನೆಯಲ್ಲಿ ಉಳಿದರು. 1917ರಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿದಾಗ ನೊಬೆಲ್ ವಿಜ್ಞಾನಿ ಶತ್ರು ದೇಶದ ಪ್ರಜೆಯಾದರು. 1918ರ ಏಪ್ರಿಲ್ 20ರಂದು, ಯುದ್ಧ ಮುಗಿಯುವ ಮೊದಲೇ, 67ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. ಅವರು ಕಟ್ಟಿ ಬೆಳೆಸಿದ ಪ್ರಯೋಗಾಲಯವಿದ್ದ ಸ್ಟ್ರಾಸ್‌ಬರ್ಗ್ ಅದೇ ವರ್ಷ ಫ್ರಾನ್ಸಿನ ಪಾಲಾಯಿತು. ಕೊಳವೆ ಟಿವಿಯಾಗಿ ಮನೆಮನೆಗೆ ಬಂದದ್ದನ್ನು ಅವರು ನೋಡಲಿಲ್ಲ.

ಈಗ ಆ ಕೊಳವೆಯೂ ಹೋಗಿದೆ. ಗುಜರಿ ಅಂಗಡಿಗಳಲ್ಲಿ ಒಡೆದ ಗಾಜಾಗಿ ಬಿದ್ದಿದೆ. ಹಾಗಾದರೆ ಬ್ರೌನ್ ನಮ್ಮ ಮೇಜಿನಿಂದ ಎದ್ದುಹೋದರೇ? ಇಲ್ಲ. ತೆಳ್ಳನೆಯ ಪರದೆಯ ಹಿಂದೆ ಬೆಳಕು ಕೊಡುವುದು ಎಲ್‌ಇಡಿ. ಅದು ಒಂದೇ ದಿಕ್ಕಿಗೆ ವಿದ್ಯುತ್ ಬಿಡುವ ಡಯೋಡ್. ರಚನೆ ಬೇರೆಯಾದರೂ ಗುಣ ಅದೇ, 1874ರಲ್ಲಿ ಅದಿರಿನ ಹರಳಿನಲ್ಲಿ ಕಂಡದ್ದು. ಹೆಸರು ಅಂಟಿಸಿಕೊಂಡ ಕೊಳವೆ ಹೋಯಿತು. ವಿಶ್ವವಿದ್ಯಾಲಯದಲ್ಲಿ ಇನ್ನೂ ನೆಲೆ ಸಿಗದ ಮೇಷ್ಟ್ರೊಬ್ಬರು ಪ್ರಕಟಿಸಿದ, ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಉಳಿಯಿತು.

ಶಾಲೆಯಲ್ಲಿ ಪಾಠ ಮಾಡುವವರೆಲ್ಲ ನೊಬೆಲ್ ಪಡೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಸಿಗಬೇಕಾದ ಹುದ್ದೆ, ಸಂಬಳ ಸಿಗಲೇಬೇಕು, ಅದಕ್ಕೆ ಬ್ರೌನ್ ಕಥೆ ಪರ್ಯಾಯವಲ್ಲ. ಕಾಯುವ ವರ್ಷಗಳನ್ನು ಖಾಲಿ ಎಂದು ಕರೆಯುವುದನ್ನು ಮಾತ್ರ ನಾನು ನಿಲ್ಲಿಸಿದ್ದೇನೆ. ಮುಂದಿನ ವಾರ ನನ್ನ ಒಂಬತ್ತನೇ ತರಗತಿಯವರಿಗೆ ಒಂದು ಎಲ್‌ಇಡಿ, ಒಂದು ಸೆಲ್ ಕೊಟ್ಟು ತಿರುಗಿಸಿ ಮುರುಗಿಸಿ ಜೋಡಿಸಲು ಹೇಳುವವಳಿದ್ದೇನೆ. ಒಂದು ಕಡೆ ಉರಿಯುತ್ತದೆ, ಇನ್ನೊಂದು ಕಡೆ ಉರಿಯುವುದಿಲ್ಲ. ಏಕೆ ಎಂದು ಯಾರಾದರೂ ಕೇಳಿದರೆ ಹೇಳಲು ನನ್ನ ಬಳಿ ಒಬ್ಬ ಮೇಷ್ಟ್ರ ಕಥೆಯಿದೆ.