ಡಾ. ಎಂ. ಸಿ. ಮೋದಿ

ವಯಸ್ಸು ಮಾಗಿದಂತೆ ಕಣ್ಣಿನೊಳಗಿನ ಮಸೂರವು ತನ್ನ ತಿಳಿಯನ್ನು ಕಳೆದುಕೊಂಡು ಮಂಜಾಗುತ್ತದೆ. ಇದನ್ನೇ ನಮ್ಮ ಜನ ಕಣ್ಣಿಗೆ ಪೊರೆ ಬಂದಿದೆ ಎನ್ನುತ್ತಾರೆ. ಮಂಜಾದ ಮಸೂರವನ್ನು ತೆಗೆದರೆ ದೃಷ್ಟಿ ಮರಳುತ್ತದೆಂಬುದು ವೈದ್ಯರಿಗೆ ಬಹು ಹಿಂದೆಯೇ ತಿಳಿದಿತ್ತು. ಆದರೆ ತೆಗೆಯಬಲ್ಲವರು ಎಲ್ಲಿದ್ದರು? 1896ರಲ್ಲಿ ಸಣ್ಣ ಚಿಕಿತ್ಸಾಲಯವಾಗಿ ಆರಂಭವಾದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1913ರಲ್ಲಿ ಈಗಿನ ಭವ್ಯ ಕಟ್ಟಡಕ್ಕೆ ಬಂದಿತು. ಗುಂಡ್ಲುಪೇಟೆಯ ಕಾಡಂಚಿನ ಮುದುಕನಿಗೆ ಅದು ಸುಮಾರು 200 ಕಿಲೋಮೀಟರ್ ದೂರ. ದಾರಿಯ ಖರ್ಚು, ಕೈಹಿಡಿದು ಕರೆದೊಯ್ಯುವವನ ಅಂದಂದಿನ ಕೂಲಿ, ಗುರುತು ಪರಿಚಯವಿಲ್ಲದ ಊರಿನ ವಾಸ ಇವೆಲ್ಲವನ್ನೂ ನೆನೆದು ಅವನು ಜಗುಲಿಯ ಮೇಲೆಯೇ ಉಳಿಯುತ್ತಿದ್ದನು. ಚಾಮರಾಜನಗರದ ಸುತ್ತಣ ಹಳ್ಳಿಗಳ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ತೆಗೆಯಬಹುದಾದ ಪೊರೆಯನ್ನೂ ಜನ ಹಣೆಬರಹವೆಂದೇ ತಿಳಿದಿದ್ದರು.

ರೋಗಿಯು ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಬೇಕೆಂಬ ವಿಚಾರವನ್ನು ತಮ್ಮ ಬಾಳಿನ ಕಾಯಕವಾಗಿ ಮಾಡಿಕೊಂಡವರು ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು. ಅವರು 1916ರಲ್ಲಿ ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದರು. ಬೆಳಗಾವಿ, ಮುಂಬಯಿಗಳಲ್ಲಿ ವ್ಯಾಸಂಗ ಮಾಡಿದರು. ಗಾಂಧೀಜಿಯವರ ವಿಚಾರಗಳು ಅವರ ಮನಸ್ಸನ್ನು ಹಳ್ಳಿಗಳತ್ತ ತಿರುಗಿಸಿದವು. 1943ರಲ್ಲಿ ಗುಜರಾತಿನ ಪಾಟಣದಲ್ಲಿ ಅವರ ಮೊದಲ ಉಚಿತ ನೇತ್ರ ಶಿಬಿರ ನಡೆಯಿತು. ಮುಂದೆ ದಾವಣಗೆರೆಯನ್ನು ನೆಲೆಯಾಗಿಸಿಕೊಂಡು ಅವರು ನಾಡೆಲ್ಲ ಸಂಚರಿಸಿದರು.

ಅವರು ಒಂದೇ ದಿನ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಸಂಗತಿ ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಸೇರಿದೆ. ಲೆಕ್ಕ ಬಲ್ಲ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಪ್ಪತ್ತನಾಲ್ಕು ಗಂಟೆಯೂ ಬಿಡುವಿಲ್ಲದೆ ದುಡಿದರೂ ಒಂದು ಶಸ್ತ್ರಚಿಕಿತ್ಸೆಗೆ ಎರಡು ನಿಮಿಷ ಸಿಗುವುದಿಲ್ಲ! ಇದರ ಗುಟ್ಟು ಕೆಲಸದ ಹಂಚಿಕೆಯಲ್ಲಿತ್ತು. ರೋಗಿಗಳನ್ನು ಸಾಲಾಗಿ ಮಲಗಿಸಿ, ಕಣ್ಣನ್ನು ಅಣಿಗೊಳಿಸುವ ಕೆಲಸವನ್ನೂ ಕಟ್ಟು ಕಟ್ಟುವ ಕೆಲಸವನ್ನೂ ಸಹಾಯಕರು ಮಾಡುತ್ತಿದ್ದರು. ವೈದ್ಯರು ಮಂಚದಿಂದ ಮಂಚಕ್ಕೆ ಸಾಗುತ್ತ ಪೊರೆಯನ್ನಷ್ಟೇ ತೆಗೆಯುತ್ತಿದ್ದರು. 1993ರ ಫೆಬ್ರವರಿಯವರೆಗೆ ಅವರು ಸಂದರ್ಶಿಸಿದ ಹಳ್ಳಿಗಳು 46,120. ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಈ ಅಂಕಿಗಳಿಗಿಂತಲೂ, ಮತ್ತೆ ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದ ಒಬ್ಬ ಅಜ್ಜಿಯನ್ನು ನೆನೆದರೆ ಆ ಸೇವೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಆದರೆ ಶಿಬಿರದ ಡೇರೆ ಎದ್ದುಹೋದ ಮೇಲೆ ಆ ಕಣ್ಣನ್ನು ನೋಡಿಕೊಳ್ಳುವವರಾರು? ಈ ಪ್ರಶ್ನೆ ಮೋದಿಯವರೊಬ್ಬರದಲ್ಲ, ಶಿಬಿರ ಪದ್ಧತಿಗೇ ಸೇರಿದ್ದು. ದೇಶದ ಕೆಲವು ಶಿಬಿರಗಳಲ್ಲಿ ಸೋಂಕು ತಗಲಿ, ಉಳಿದಿದ್ದ ಅಲ್ಪ ದೃಷ್ಟಿಯನ್ನೂ ಕಳೆದುಕೊಂಡವರಿದ್ದಾರೆ. ಒಬ್ಬ ಮಹಾವೈದ್ಯನ ಕೈಚಳಕ ಎಷ್ಟೇ ದೊಡ್ಡದಾಗಿರಲಿ, ಅದನ್ನು ಪರೀಕ್ಷಿಸಿ, ತಿದ್ದಿ, ಇತರರಿಗೆ ಕಲಿಸುವ ವೈದ್ಯಸಮುದಾಯವೊಂದು ಬೇಕೇ ಬೇಕು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 1857ರಲ್ಲಿ ಗ್ರೇಫೆ ಎಂಬ ನೇತ್ರತಜ್ಞರು ತಮ್ಮ ಸ್ನೇಹಿತರನ್ನು ಕೂಡಿಸಿ ಇಂಥದೊಂದು ಸಂಘಕ್ಕೆ ಬುನಾದಿ ಹಾಕಿದರು. ನಮ್ಮಲ್ಲಿ ಅಖಿಲ ಭಾರತ ನೇತ್ರವೈದ್ಯರ ಸಂಘವು 1930ರಲ್ಲಿ ಹುಟ್ಟಿ, 1953ರಿಂದ ತನ್ನದೇ ಪತ್ರಿಕೆಯನ್ನು ಹೊರತಂದಿತು. ವೈದ್ಯರು ತಮ್ಮ ಗೆಲುವನ್ನಷ್ಟೇ ಅಲ್ಲದೆ ಸೋಲನ್ನೂ ಸಹೋದ್ಯೋಗಿಗಳ ಮುಂದಿಟ್ಟು ಚರ್ಚಿಸಲು ಇಂಥ ವೇದಿಕೆಗಳಿಂದ ಸಾಧ್ಯವಾಯಿತು. ಸಂಘದ ಸಭೆಗೆ ಶಿಬಿರದಷ್ಟು ಜನ ಸೇರುವುದಿಲ್ಲ, ಪತ್ರಿಕೆಗಳಲ್ಲಿ ಅದರ ಚಿತ್ರವೂ ಬರುವುದಿಲ್ಲ. ಆದರೂ ಅದರ ಉಪಕಾರವನ್ನು ಕಡಿಮೆಯೆಂದು ಎಣಿಸಲಾಗದು.

1976ರಲ್ಲಿ ಭಾರತ ಸರ್ಕಾರವು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ಮೋದಿಯವರ ಆರಂಭದ ದಿನಗಳಲ್ಲಿ ಪೊರೆ ತೆಗೆಸಿಕೊಂಡವರು ಹಲವು ದಿನ ಕಣ್ಣುಕಟ್ಟಿನಲ್ಲಿ ಮಲಗಿದ್ದು, ಆಮೇಲೆ ದಪ್ಪ ಗಾಜಿನ ಕನ್ನಡಕ ಧರಿಸಬೇಕಾಗಿತ್ತು. ಕಣ್ಣಿನೊಳಗೇ ಕೃತಕ ಮಸೂರವನ್ನು ಕೂಡಿಸುವ ವಿಧಾನ 1990ರ ದಶಕದಲ್ಲಿ ನಮ್ಮಲ್ಲಿ ವ್ಯಾಪಕವಾದಾಗ, ಶಸ್ತ್ರಚಿಕಿತ್ಸೆಯು ಡೇರೆ, ಶಾಲೆಗಳಿಂದ ಆಸ್ಪತ್ರೆಗೆ ಮರಳಿತು.

ಸರ್ಕಾರವು ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ನೀಡಿತು. ಅವರು 2005ರಲ್ಲಿ ನಿಧನರಾದರು. ಬೆಂಗಳೂರಿನಲ್ಲಿ ಅವರ ಹೆಸರಿನ ಕಣ್ಣಾಸ್ಪತ್ರೆಯಿದೆ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಈಗಿನ ಶಿಬಿರಗಳಲ್ಲಿ ತಪಾಸಣೆ ಮಾತ್ರ ಹಳ್ಳಿಯಲ್ಲಿ ನಡೆಯುತ್ತದೆ. ಪೊರೆ ಬಲಿತವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಚಿಕಿತ್ಸೆ ಮಾಡಿ, ಮತ್ತೆ ಊರಿಗೆ ತಂದು ಬಿಡುತ್ತಾರೆ.