ಹಿಂತೆಗೆದುಕೊಂಡ ರಾಜೀನಾಮೆ

ಬೆಂಗಳೂರಿನಿಂದ ಹೊರಟು ಕೆಂಗೇರಿಯನ್ನು ದಾಟಿ, ಮೈಸೂರಿನ ಹಾದಿಯಾಗಿ ಕುಶಾಲನಗರದ ಆಚೆಯ ಬೆಟ್ಟಗಳನ್ನೇರಿ ಮಡಿಕೇರಿಯನ್ನು ಸೇರುವವರನ್ನು ಅಲ್ಲಿ ಸೈನಿಕನೊಬ್ಬನ ಪ್ರತಿಮೆ ಎದುರುಗೊಳ್ಳುತ್ತದೆ. ಬೆಂಗಳೂರಿನ ದಂಡುಪ್ರದೇಶದ ರಿಚ್ಮಂಡ್ ರಸ್ತೆಗೂ ಆ ಸೈನಿಕನ ಹೆಸರನ್ನೇ ಇಟ್ಟಿದ್ದಾರೆ. ದೂರದ ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪವು 1966ರಲ್ಲಿ ಆತನ ಸ್ಮರಣೆಗೆಂದು ಅಂಚೆಚೀಟಿಯೊಂದನ್ನು ಹೊರಡಿಸಿತು. ಹುಟ್ಟಿದ ಊರಿನಲ್ಲಿಯೂ ಓದಿದ ನಗರದಲ್ಲಿಯೂ ಮಡಿದ ನಾಡಿನಲ್ಲಿಯೂ ಹೀಗೆ ಸಮನಾಗಿ ಗೌರವ ಪಡೆದ ಸೇನಾನಿಗಳು ನಮ್ಮಲ್ಲಿ ಹೆಚ್ಚು ಮಂದಿಯಿಲ್ಲ. ಆದರೂ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಜೀವನವನ್ನು ಮೊದಲಿನಿಂದ ಕಡೆಯವರೆಗೆ ನೋಡಿದವರಿಗೆ ಅದು ಬರಿಯ ಗೆಲುವುಗಳ ಸಾಲಾಗಿ ತೋರುವುದಿಲ್ಲ. ಹೊಣೆ ತಮ್ಮದು, ತೀರ್ಮಾನ ಇನ್ನೊಬ್ಬರದು ಎಂಬ ಸಂಕಟವು ಅವರನ್ನು ತಾರುಣ್ಯದಿಂದ ಮರಣದವರೆಗೂ ಬಿಡದೆ ಹಿಂಬಾಲಿಸಿತು. ಆ ಸಂಕಟವನ್ನು ಅವರು ಹೇಗೆ ಹೊತ್ತರೆಂಬುದೇ ಅವರ ಚರಿತ್ರೆ.

ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಜನಿಸಿದರು. ತಂದೆ ಸುಬ್ಬಯ್ಯ, ತಾಯಿ ಸೀತಮ್ಮ. ಬಂದೂಕು ಮನೆಯ ಪೂಜಾವಸ್ತುವಾಗಿರುವ ಜನಾಂಗದಲ್ಲಿ ಹುಟ್ಟಿದ ಹುಡುಗನಿಗೆ ಸೈನ್ಯದ ಆಸೆ ಅಸಹಜವೇನಲ್ಲ. ಈ ಮನೆಯ ಮೂವರು ಗಂಡುಮಕ್ಕಳೂ ಸೇನಾಧಿಕಾರಿಗಳಾದರು. ಕೂನೂರಿನಲ್ಲಿಯೂ ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿದ ತಿಮ್ಮಯ್ಯ 1922ರಲ್ಲಿ ಡೆಹರಾಡೂನಿನ ಸೈನಿಕ ವಿದ್ಯಾಲಯವನ್ನು ಸೇರಿದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿಗೆ ಆಯ್ಕೆಯಾಗಿ 1926ರಲ್ಲಿ ಅಧಿಕಾರಿಯ ಪದವಿಯನ್ನು ಪಡೆದು ಸ್ವದೇಶಕ್ಕೆ ಮರಳಿದರು. ಆ ದಿನಗಳ ರೂಢಿಯಂತೆ ಮೊದಲು ಕೆಲವು ಕಾಲ ಬ್ರಿಟಿಷ್ ಪಟಾಲಮೊಂದರಲ್ಲಿದ್ದು, ಬಳಿಕ ಹೈದರಾಬಾದ್ ರೆಜಿಮೆಂಟಿನ 4ನೆಯ ಪಟಾಲಮಿಗೆ ಸೇರಿದರು. ಈಗಿನ ಕುಮಾಂವ್ ರೆಜಿಮೆಂಟು ಅದರ ಮುಂದುವರಿಕೆ.

ಮೊದಲ ಕಹಿ ಅಲ್ಲಿಯೇ ಕಾದಿತ್ತು. ಭಾರತೀಯರಿಗೆ ಅಧಿಕಾರಿಯ ಸ್ಥಾನವನ್ನು ಕೊಡಲೇಬೇಕಾಗಿ ಬಂದಾಗ ಆಂಗ್ಲ ಸರಕಾರವು 1923ರಲ್ಲಿ ಒಂದು ಉಪಾಯವನ್ನು ಹೂಡಿತು. ಇಡೀ ಸೈನ್ಯದಲ್ಲಿ 8 ಪಡೆಗಳನ್ನು ಮಾತ್ರ ಆರಿಸಿ, ಭಾರತೀಯ ಅಧಿಕಾರಿಗಳನ್ನೆಲ್ಲ ಅವುಗಳಿಗೇ ಕಳುಹಿಸತಕ್ಕದ್ದೆಂದು ಗೊತ್ತುಮಾಡಿತು. ಆಂಗ್ಲ ಅಧಿಕಾರಿಯೊಬ್ಬನು ಭಾರತೀಯನ ಕೈಕೆಳಗೆ ದುಡಿಯುವ ಪ್ರಸಂಗ ಬಾರದಿರಲೆಂಬುದೇ ಇದರ ಒಳಗುಟ್ಟು. ತಿಮ್ಮಯ್ಯನವರ ಪಟಾಲಮು ಆ ಎಂಟರಲ್ಲಿ ಒಂದು. ಇದರ ಜೊತೆಗೆ ಹಲವು ಊರುಗಳ ಬಿಳಿಯರ ಕ್ಲಬ್ಬುಗಳು ಭಾರತೀಯ ಅಧಿಕಾರಿಗಳಿಗೆ ಬಾಗಿಲನ್ನೇ ತೆರೆಯುತ್ತಿರಲಿಲ್ಲ. ಯುದ್ಧದಲ್ಲಿ ಒಟ್ಟಿಗೆ ಸಾಯಬಹುದು, ಸಂಜೆ ಒಟ್ಟಿಗೆ ಕುಳಿತುಕೊಳ್ಳುವಂತಿಲ್ಲ. ಅಂದಿನ ನ್ಯಾಯ ಹೀಗಿತ್ತು.

ಪಟಾಲಮು ಅಲಹಾಬಾದಿನಲ್ಲಿದ್ದಾಗ ಈ ತರುಣನ ಮನಸ್ಸು ಇನ್ನಷ್ಟು ಕಲಕಿತು. ಬೀದಿಗಳಲ್ಲಿ ಸ್ವಾತಂತ್ರ್ಯದ ಚಳವಳಿ, ಮೈಮೇಲೆ ಪರರಾಜ್ಯದ ಸಮವಸ್ತ್ರ. ಕೆಲಸವನ್ನು ಬಿಟ್ಟುಬಿಡೋಣವೆಂಬ ಯೋಚನೆ ಹುಟ್ಟಿದಾಗ, ಮೋತಿಲಾಲ್ ನೆಹರೂ ಅವರು ತಡೆದರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ನಾಳೆ ನಾಡು ಸ್ವತಂತ್ರವಾದಾಗ ಯುದ್ಧವಿದ್ಯೆ ಬಲ್ಲ ನಮ್ಮವರೇ ಬೇಕಾಗುತ್ತಾರೆ, ಆದುದರಿಂದ ಇದ್ದು ಕಲಿಯುವುದೇ ದೇಶಸೇವೆ ಎಂಬುದು ಆ ಹಿರಿಯರ ಸಲಹೆಯಾಗಿತ್ತು. ತಿಮ್ಮಯ್ಯ ಉಳಿದರು. ತಂದೆಯ ಮಾತಿಗಾಗಿ ಉಳಿದ ಈ ಅಧಿಕಾರಿಯು ಮುಂದೊಮ್ಮೆ ಮಗನ ಮಾತಿಗಾಗಿಯೂ ಉಳಿಯಬೇಕಾಗಿತ್ತೆಂಬುದು ಆಗ ಯಾರಿಗೆ ತಿಳಿದಿತ್ತು?

1935ರ ಆರಂಭದಲ್ಲಿ ಅವರಿಗೆ ನೀನಾ ಅವರೊಡನೆ ವಿವಾಹವಾಯಿತು. ಅದೇ ವರ್ಷ ಕ್ವೆಟ್ಟಾ ನಗರವನ್ನು ನೆಲಸಮ ಮಾಡಿದ ಭೂಕಂಪದಲ್ಲಿ ಈ ನವದಂಪತಿಗಳು ಗಾಯಾಳುಗಳ ಸೇವೆಗೆ ನಿಂತರು. ಕೆಲವು ವರ್ಷಗಳ ಬಳಿಕ ಪಟಾಲಮು ಸಿಂಗಪುರಕ್ಕೆ ಹೋಯಿತು. ಅಲ್ಲಿ ಭಾರತೀಯ ಅಧಿಕಾರಿಗಳಿಗೂ ಆಂಗ್ಲ ಮೇಲಧಿಕಾರಿಗಳಿಗೂ ನಡುವೆ ಬಿರುಕು ದೊಡ್ಡದಾಗಿ, ತಿಮ್ಮಯ್ಯನವರು ಕೇಳಿಕೊಂಡು ಭಾರತಕ್ಕೆ ಮರಳಿದರು. 1942ರ ಫೆಬ್ರವರಿಯಲ್ಲಿ ಸಿಂಗಪುರವು ಜಪಾನೀಯರಿಗೆ ಶರಣಾಯಿತು. ಅವರ ಅಣ್ಣ ಪೊನ್ನಪ್ಪನವರು ನೇತಾಜಿಯವರ ಆಜಾದ್ ಹಿಂದ್ ಸೈನ್ಯವನ್ನು ಸೇರಿದರು. ತಮ್ಮನು ಒಂದು ಪಕ್ಷದಲ್ಲಿ, ಅಣ್ಣನು ಎದುರು ಪಕ್ಷದಲ್ಲಿ; ಒಂದೇ ದೇಶಪ್ರೇಮ ಒಂದೇ ಮನೆಯ ಇಬ್ಬರನ್ನು ಎರಡು ದಾರಿಗೆ ಕಳುಹಿಸಿತ್ತು.

1945ರ ಆರಂಭದಲ್ಲಿ ಬರ್ಮಾದ ಅರಾಕಾನ್ ತೀರದ ಕಾಂಗಾ ಎಂಬಲ್ಲಿ ಘೋರ ಕಾಳಗ ನಡೆಯಿತು. ಅಲ್ಲಿ ಒಂದೇ ಬ್ರಿಗೇಡಿನ ಮೂರು ಪಟಾಲಮುಗಳನ್ನು ನಡೆಸಿದವರು ತಿಮ್ಮಯ್ಯ, ತೋರಾಟ್ ಮತ್ತು ಸೇನ್ ಎಂಬ ಮೂವರು ಭಾರತೀಯರು. ಮೂವರಿಗೂ ಶೌರ್ಯಪದಕ ದೊರೆಯಿತು. ಕೆಲವೇ ತಿಂಗಳಲ್ಲಿ ತಿಮ್ಮಯ್ಯನವರು ರಣರಂಗದಲ್ಲಿ ಇಡೀ ಬ್ರಿಗೇಡಿನ ನಾಯಕತ್ವವನ್ನು ವಹಿಸಿದರು. ಎರಡನೆಯ ಮಹಾಯುದ್ಧದಲ್ಲಿ ಆ ಮಾನ ಪಡೆದ ಭಾರತೀಯ ಅವರೊಬ್ಬರೇ. ಭಾರತೀಯನು ಕಾದಾಡಬಲ್ಲ, ಆದರೆ ನಡೆಸಲಾರ ಎಂಬ ಹಳೆಯ ಸುಳ್ಳಿಗೆ ಇದಕ್ಕಿಂತ ತಕ್ಕ ಉತ್ತರ ಇನ್ನೇನು ಬೇಕು?

ಸ್ವಾತಂತ್ರ್ಯದೊಡನೆ ದೇಶವಿಭಜನೆಯೂ ಬಂದಿತು, ಕಾಶ್ಮೀರದ ಯುದ್ಧವೂ ಬಂದಿತು. 1948ರಲ್ಲಿ ಕಾಶ್ಮೀರ ಕಣಿವೆಯ ಡಿವಿಷನ್ನು ತಿಮ್ಮಯ್ಯನವರ ವಶಕ್ಕೆ ಬಂದಾಗ ಲಡಾಖಿನ ರಾಜಧಾನಿ ಲೇಹ್ ಅಪಾಯದಲ್ಲಿತ್ತು. ಮೇ 24ರಂದು ಮೆಹರ್ ಸಿಂಗ್ ಎಂಬ ಸಾಹಸಿ ವಿಮಾನಿಕರು ಹಿಮಶಿಖರಗಳ ನಡುವೆ ದಾರಿ ಹುಡುಕಿ ಲೇಹ್‌ನ ಹೊಸ ಮಣ್ಣಿನ ನೆಲದ ಮೇಲೆ ಡಕೋಟಾ ವಿಮಾನವನ್ನು ಇಳಿಸಿದಾಗ, ತಿಮ್ಮಯ್ಯನವರೂ ಅದರಲ್ಲಿ ಕುಳಿತಿದ್ದರು. ನೆಲದ ದಾರಿಯನ್ನು ತೆರೆಯಬೇಕಾದರೆ 11,500 ಅಡಿಗೂ ಎತ್ತರದ ಜೋಜಿಲಾ ಕಣಿವೆಯನ್ನು ಗೆಲ್ಲಲೇಬೇಕಾಗಿತ್ತು. ಪದಾತಿಗಳ ಪ್ರಯತ್ನಗಳು ಸೆಪ್ಟೆಂಬರಿನಲ್ಲಿ ವಿಫಲವಾದವು. ಆಗ ಟ್ಯಾಂಕುಗಳನ್ನು ಅಲ್ಲಿಗೆ ಏರಿಸುವ ನಿರ್ಧಾರವಾಯಿತು. ಅಷ್ಟು ಎತ್ತರದಲ್ಲಿ ಟ್ಯಾಂಕು ಕಾದಾಡಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಟ್ಯಾಂಕುಗಳ ಮೇಲ್ಭಾಗವನ್ನು ಬಿಚ್ಚಿ, ಗುಟ್ಟಾಗಿ ಜಮ್ಮುವಿನಿಂದ ಸಾಗಿಸಿದರು. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದರಾಸ್ ಸ್ಯಾಪರ್ಸ್ ಪಡೆಯವರು ಬಂಡೆಗಳನ್ನು ಸಿಡಿಸಿ ಹಾದಿಯನ್ನು ಮಾಡಿಕೊಟ್ಟರು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯನ್ನು ಹೊಕ್ಕಾಗ, ಡಿವಿಷನ್ನಿನ ನಾಯಕರು ಮುಂಚೂಣಿಯಲ್ಲಿಯೇ ಇದ್ದರು. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್‌ಗಳು ಕೈಸೇರಿ ಲೇಹ್‌ನ ದಾರಿ ತೆರೆಯಿತು.

ಈ ಗೆಲುವಿನ ಹಿಂದೆಯೂ ನೋವಿತ್ತು. ಕಾಶ್ಮೀರದ ಆ ಕಾರ್ಯಾಚರಣೆಯ ಕಾಲದಲ್ಲಿಯೇ ತಮ್ಮ ಸೋಮಯ್ಯನವರು ನೆಲಬಾಂಬಿನ ಅಪಘಾತದಲ್ಲಿ ಮಡಿದರು. ಮುಂದಕ್ಕೆ ನುಗ್ಗಬಲ್ಲೆವೆಂಬ ಭರವಸೆ ಸೇನೆಯಲ್ಲಿದ್ದಾಗಲೇ 1949ರ ಜನವರಿ 1ರಂದು ಯುದ್ಧವಿರಾಮ ಜಾರಿಗೆ ಬಂದಿತು. ಎಲ್ಲಿ ನಿಲ್ಲಬೇಕೆಂಬುದನ್ನು ಸೈನಿಕನು ಗೊತ್ತುಮಾಡುವುದಿಲ್ಲವೆಂಬ ಪಾಠವನ್ನು ಸ್ವತಂತ್ರ ಭಾರತದ ಸೇನಾನಿಯೂ ಕಲಿಯಬೇಕಾಯಿತು.

1953ರಲ್ಲಿ ಕೊರಿಯಾದ ಯುದ್ಧ ನಿಂತಾಗ, ಸ್ವದೇಶಕ್ಕೆ ಮರಳಲೊಲ್ಲದ ಸೆರೆಯಾಳುಗಳ ಪ್ರಶ್ನೆಯನ್ನು ಬಿಡಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗವನ್ನು ನೇಮಿಸಿದರು. ಅದರ ಅಧ್ಯಕ್ಷರು ತಿಮ್ಮಯ್ಯನವರು. ಸೆರೆಯಾಳುಗಳ ಕಾವಲಿಗೆ ಅರಾಕಾನಿನ ಹಳೆಯ ಒಡನಾಡಿ ತೋರಾಟರ ನಾಯಕತ್ವದಲ್ಲಿ ಭಾರತೀಯ ಪಡೆ ಹೋಯಿತು. ಸುಮಾರು 23,000 ಸೆರೆಯಾಳುಗಳ ಭವಿಷ್ಯ ಅವರ ಮುಂದಿತ್ತು. ಪ್ರತಿಯೊಬ್ಬನಿಗೂ ಅವನ ದೇಶದ ಪ್ರತಿನಿಧಿಗಳು ವಿಷಯವನ್ನು ವಿವರಿಸತಕ್ಕದ್ದು, ಅನಂತರ ಅವನು ತನ್ನ ಇಚ್ಛೆಯನ್ನು ತಿಳಿಸತಕ್ಕದ್ದೆಂಬುದು ನಿಯಮ. ಆದರೆ ಶಿಬಿರಗಳೊಳಗೆ ರಾಜಕೀಯ ಮುಖಂಡರ ಬಿಗಿಮುಷ್ಟಿಯಿತ್ತು. ಬಹುಮಂದಿ ಹೊರಗೆ ಬರಲೇ ಇಲ್ಲ. ಬಲಾತ್ಕಾರದಿಂದ ಎಳೆದು ತರೋಣವೆಂದರೆ ರಕ್ತಪಾತವಾಗುತ್ತಿತ್ತು. ಸುಮ್ಮನಿರೋಣವೆಂದರೆ ಕಾರ್ಯ ಕೆಡುತ್ತಿತ್ತು. ಆಯೋಗದ ಸದಸ್ಯರು ಎರಡಾಗಿ ಒಡೆದಿದ್ದರು. ತಿಮ್ಮಯ್ಯನವರು ರಕ್ತಪಾತಕ್ಕೆ ಒಪ್ಪದೆ, ಅವಧಿ ಮುಗಿದಾಗ 1954ರ ಜನವರಿಯಲ್ಲಿ ಸೆರೆಯಾಳುಗಳನ್ನು ಅವರನ್ನು ಹಿಡಿದಿದ್ದ ಪಕ್ಷಗಳಿಗೇ ಒಪ್ಪಿಸಿದರು. ಕೆಲಸ ಪೂರ್ತಿಯಾಗಲಿಲ್ಲ, ಆದರೆ ಹತ್ಯಾಕಾಂಡವೂ ಆಗಲಿಲ್ಲ. ಆ ವರ್ಷ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು.

1957ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದರು. 1949ರಲ್ಲಿ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರ ಬಳಿಕ ಆ ಸ್ಥಾನಕ್ಕೇರಿದ ಎರಡನೆಯ ಕೊಡವರು ಅವರು. ಈ ನೇಮಕದಲ್ಲಿ ಸರಕಾರವು ಇಬ್ಬರು ಹಿರಿಯ ಸೇನಾನಿಗಳನ್ನು ಹಿಂದಕ್ಕೆ ಬಿಟ್ಟಿತ್ತೆಂಬುದನ್ನೂ ಇಲ್ಲಿ ಮರೆಯಬಾರದು. ಹಿರಿತನವನ್ನು ಮೀರಿದ ಆಯ್ಕೆಯ ಲಾಭವನ್ನು ಒಮ್ಮೆ ಪಡೆದವರು ತಾವೇ ಅಂಥ ಆಯ್ಕೆಗಳನ್ನು ಪ್ರತಿಭಟಿಸಬೇಕಾಗಿ ಬಂದದ್ದು ವಿಧಿಯ ವಿನೋದ.

ಅದೇ ವರ್ಷ ರಕ್ಷಣಾ ಸಚಿವರಾಗಿ ಬಂದವರು ವಿ. ಕೆ. ಕೃಷ್ಣ ಮೆನನ್. ಆಯುಧಗಳನ್ನು ದೇಶದಲ್ಲಿಯೇ ತಯಾರಿಸಬೇಕೆಂಬ ಅವರ ಹಟ ದೂರದೃಷ್ಟಿಯದಾಗಿತ್ತು. ಆದರೆ ಅವರ ಮಾತಿನ ಮೊನೆ ಚೂಪು. ಸೇನಾಧಿಕಾರಿಗಳ ಬಡ್ತಿಯ ವಿಷಯದಲ್ಲಿ ಅವರು ಮುಖ್ಯಸ್ಥರ ಅಭಿಪ್ರಾಯವನ್ನು ಬದಿಗಿರಿಸತೊಡಗಿದರು. ಯುದ್ಧದಲ್ಲಿ ಪಟಾಲಮನ್ನು ನಡೆಸಿದ ಅನುಭವವಿಲ್ಲದ ಬಿ. ಎಂ. ಕೌಲ್ ಅವರಿಗೆ 1959ರಲ್ಲಿ ಲೆಫ್ಟಿನೆಂಟ್ ಜನರಲ್ ಪದವಿ ದೊರೆತದ್ದು ತಿಮ್ಮಯ್ಯನವರ ಇಚ್ಛೆಗೆ ವಿರೋಧವಾಗಿ. ತಿಮ್ಮಯ್ಯನವರು ತಮ್ಮ ಕಷ್ಟವನ್ನು ಪ್ರಧಾನಿ ನೆಹರೂ ಅವರಲ್ಲಿ ಹೇಳಿಕೊಂಡರು. ನೆಹರೂ ಅವರು ಅದನ್ನು ಸಚಿವರಿಗೆ ತಿಳಿಸಿದರು. ತಮ್ಮನ್ನು ಮೀರಿ ಪ್ರಧಾನಿಯ ಬಳಿಗೆ ಹೋದದ್ದಕ್ಕಾಗಿ ಮೆನನ್ ಅವರು ಜನರಲ್ಲರನ್ನು ತರಾಟೆಗೆ ತೆಗೆದುಕೊಂಡರು. 1959ರ ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆಯನ್ನು ಕಳುಹಿಸಿದರು.

ಗಡಿಯ ಪರಿಸ್ಥಿತಿ ಸಾಮಾನ್ಯದ್ದಾಗಿರಲಿಲ್ಲ. ವಾರದ ಹಿಂದೆಯಷ್ಟೇ ಈಶಾನ್ಯದ ಲೋಂಗ್ಜು ಎಂಬಲ್ಲಿ ಚೀನೀ ಸೈನಿಕರು ಗುಂಡು ಹಾರಿಸಿದ್ದರು. ನೆಹರೂ ಅವರು ತಿಮ್ಮಯ್ಯನವರನ್ನು ಕರೆಯಿಸಿ, ದೇಶದ ಹಿತಕ್ಕಾಗಿ ರಾಜೀನಾಮೆಯನ್ನು ಹಿಂದಕ್ಕೆ ಪಡೆಯಬೇಕೆಂದು ಕೇಳಿಕೊಂಡರು. ಅವರು ಒಪ್ಪಿದರು. ಆದರೆ ಸುದ್ದಿ ಪತ್ರಿಕೆಗೆ ತಲುಪಿಬಿಟ್ಟಿತು, ಸಂಸತ್ತು ಕುದಿಯಿತು. ಸೆಪ್ಟೆಂಬರ್ 2ರಂದು ಪ್ರಧಾನಿಗಳು ಸದನದಲ್ಲಿ ಮಾತನಾಡಿ, ಭಿನ್ನಾಭಿಪ್ರಾಯಗಳು ಕ್ಷುಲ್ಲಕವಾದವು, ಸ್ವಭಾವದ ಹೊಂದಾಣಿಕೆಯಿಲ್ಲದೆ ಹುಟ್ಟಿದವು ಎಂದು ವಿವರಿಸಿದರು. ಸೈನ್ಯದ ಮೇಲೆ ನಾಗರಿಕ ಸರಕಾರದ ಅಧಿಕಾರವೇ ಪರಮವೆಂದು ಸಾರಿದರು. ಜನರಲ್ಲರ ನಡತೆ ಸರಿಯಾದುದಲ್ಲವೆಂದೂ ಸೂಚಿಸಿದರು. ರಾಜೀನಾಮೆ ಹಿಂದಕ್ಕೆ ಬಂದಿತ್ತು, ಆದರೆ ಅದನ್ನು ಕೊಟ್ಟವರ ಮಾನ ಅದರೊಡನೆ ಪೂರ್ತಿಯಾಗಿ ಹಿಂದಕ್ಕೆ ಬರಲಿಲ್ಲ. ಸೇನೆಯು ಪ್ರೀತಿಸುತ್ತಿದ್ದ ನಾಯಕರು ಉಳಿದ 20 ತಿಂಗಳನ್ನು ಆ ಮಾತಿನ ನೆರಳಿನಲ್ಲಿ ಕಳೆದರು.

ಅವರ ಎಚ್ಚರಿಕೆಗಳ ಗತಿಯೂ ಹೀಗೆಯೇ ಆಯಿತು. 1959ರ ಅಕ್ಟೋಬರಿನಲ್ಲಿ ತೋರಾಟರು ಈಶಾನ್ಯ ಗಡಿಯ ರಕ್ಷಣೆಗೆ ಎಷ್ಟು ಪಡೆ ಬೇಕೆಂದು ಲೆಕ್ಕಹಾಕಿ ವರದಿ ಮಾಡಿದರು. ತಿಮ್ಮಯ್ಯನವರು ಅದನ್ನು ಅನುಮೋದಿಸಿ ಸಚಿವರಿಗೆ ಕಳುಹಿಸಿದರು. ಸಚಿವರು ಅದಕ್ಕೆ ಬೆಲೆ ಕೊಡಲಿಲ್ಲ. 1961ರ ಮೇ ತಿಂಗಳಲ್ಲಿ ನಿವೃತ್ತರಾಗುವಾಗ ತಮ್ಮ ಸ್ಥಾನಕ್ಕೆ ತೋರಾಟರನ್ನು ಸೂಚಿಸಿದರು. ಸರಕಾರ ಥಾಪರ್ ಅವರನ್ನು ಆರಿಸಿತು. 1962ರ ಜುಲೈನಲ್ಲಿ, ಚೀನವನ್ನು ಭಾರತವು ಒಂಟಿಯಾಗಿ ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿ ತಾವು ಊಹಿಸಲಾರೆವು, ಗಡಿಯ ಭದ್ರತೆಯನ್ನು ರಾಜಕಾರಣಿಗಳೂ ರಾಯಭಾರಿಗಳೂ ನೋಡಿಕೊಳ್ಳಬೇಕು ಎಂಬ ಅರ್ಥದ ಲೇಖನವನ್ನು ಪ್ರಕಟಿಸಿದರು. ಮೂರು ತಿಂಗಳಲ್ಲಿ, ಅಕ್ಟೋಬರ್ 20ರಂದು, ಚೀನೀ ಸೇನೆ ಗಡಿಯನ್ನು ದಾಟಿತು. ಈಶಾನ್ಯದ ರಣರಂಗದ ಹೊಣೆ ಕೌಲ್ ಅವರ ಮೇಲಿತ್ತು. ಆ ಸೋಲು ಮೆನನ್, ಥಾಪರ್, ಕೌಲ್ ಮೂವರ ಅಧಿಕಾರವನ್ನೂ ಕೊಂಡೊಯ್ದಿತು. ಕ್ಷುಲ್ಲಕವೆಂದು ಕರೆದಿದ್ದ ಭಿನ್ನಾಭಿಪ್ರಾಯದ ಬೆಲೆಯನ್ನು ಹಿಮದಲ್ಲಿ ನಿಂತ ಸಾಮಾನ್ಯ ಜವಾನನು ತೆತ್ತನು.

ಹಾಗಾದರೆ ತಿಮ್ಮಯ್ಯನವರು ರಾಜೀನಾಮೆಯನ್ನು ಹಿಂತೆಗೆದುಕೊಳ್ಳಬಾರದಾಗಿತ್ತೇ? ಹಾಗೆನ್ನುವವರು ಇಂದಿಗೂ ಇದ್ದಾರೆ. ಹಟ ಹಿಡಿದಿದ್ದರೆ ದೇಶ ಆಗಲೇ ಎಚ್ಚರಗೊಳ್ಳುತ್ತಿತ್ತೆಂದು ಅವರ ವಾದ. ಆದರೆ ಆ ದಿನಗಳಲ್ಲಿ ಏಷ್ಯಾದ ಹಲವು ದೇಶಗಳನ್ನು ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. 1958ರಲ್ಲಿ ಪಾಕಿಸ್ತಾನದ ದಂಡನಾಯಕರು ಸರಕಾರವನ್ನೇ ಕೈಗೆ ತೆಗೆದುಕೊಂಡಿದ್ದರು. ಬರ್ಮಾದಲ್ಲಿಯೂ ಸೇನಾಪತಿ ಪ್ರಧಾನಿಯ ಪೀಠದಲ್ಲಿ ಕುಳಿತಿದ್ದರು. ಜನಪ್ರಿಯನಾದ ಸೇನಾನಿಯೊಬ್ಬನು ಚುನಾಯಿತ ಸರಕಾರದ ಎದುರು ಹಟಕ್ಕೆ ನಿಂತರೆ, ಆತನ ಉದ್ದೇಶ ಎಷ್ಟೇ ನಿರ್ಮಲವಾಗಿರಲಿ, ಮುಂದಿನವರಿಗೆ ಅದು ಕೆಟ್ಟ ಮೇಲ್ಪಂಕ್ತಿಯಾಗಬಹುದಾಗಿತ್ತು. ತಮ್ಮ ಮಾನ ಕುಂದಿದರೂ ಆ ಮೇಲ್ಪಂಕ್ತಿಯನ್ನು ಅವರು ಹಾಕಿಕೊಡಲಿಲ್ಲ. ಸರಕಾರದ ಮಾತೇ ಕೊನೆಯದೆಂಬ ತತ್ತ್ವ ನಿಶ್ಚಯವಾಗಿ ಸರಿ. ಆದರೆ ಕೊನೆಯ ಮಾತನ್ನು ಆಡುವವರು ಅದಕ್ಕೆ ಮೊದಲು ಬಲ್ಲವರ ಮಾತನ್ನು ಕೇಳಬೇಕೆಂಬುದು ಅದೇ ತತ್ತ್ವದ ಇನ್ನೊಂದು ಅರ್ಧ. ತಿಮ್ಮಯ್ಯನವರು ತಮ್ಮ ಪಾಲಿನ ಅರ್ಧವನ್ನು ನಡೆಸಿಕೊಟ್ಟರು; ದೇಶ ತನ್ನ ಪಾಲನ್ನು ಮರೆಯಿತು.

1964ರ ಬೇಸಗೆಯಲ್ಲಿ ವಿಶ್ವಸಂಸ್ಥೆಯು ಅವರನ್ನು ಸೈಪ್ರಸ್ಸಿನ ಶಾಂತಿಪಡೆಯ ನಾಯಕರನ್ನಾಗಿ ನೇಮಿಸಿತು. ಅಲ್ಲಿಯೂ ಅದೇ ಹಳೆಯ ಕಥೆ: ಗ್ರೀಕರೂ ತುರ್ಕರೂ ಬಂದೂಕು ಹಿಡಿದಿದ್ದರು, ನಡುವೆ ನಿಂತ ಪಡೆಗೆ ಹೊಣೆ ಅಪಾರ, ಅಧಿಕಾರ ಅಲ್ಪ. ಆ ಆಗಸ್ಟಿನಲ್ಲಿ ತುರ್ಕಿಯ ವಿಮಾನಗಳು ದ್ವೀಪದ ಮೇಲೆ ಬಾಂಬು ಸುರಿದಾಗ ಅವುಗಳನ್ನು ತಡೆಯುವ ಶಕ್ತಿ ಆ ಪಡೆಗಿರಲಿಲ್ಲ. ತಾಳ್ಮೆ, ಮಾತು, ಎರಡೂ ಕಡೆಯವರಲ್ಲಿ ಗಳಿಸಿದ ವಿಶ್ವಾಸ, ಇವೇ ಅಲ್ಲಿ ಅವರ ಆಯುಧಗಳು. ಆ ಕಾರ್ಯದಲ್ಲಿದ್ದಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಅವರ ದೇಹವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದರು.

ಮಡಿಕೇರಿಯಲ್ಲಿ ‘ಸನ್ನಿ ಸೈಡ್’ ಎಂಬ ಅವರ ಮನೆ ಬಹುಕಾಲ ಸರಕಾರದ ಸಾರಿಗೆ ಕಚೇರಿಯಾಗಿತ್ತು. 2021ರ ಫೆಬ್ರವರಿಯಲ್ಲಿ ಅದು ಅವರ ಹೆಸರಿನ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಜೋಜಿಲಾದ ಟ್ಯಾಂಕುಗಳ ಕಥೆಯನ್ನು ಕೇಳಿ ಹಿಗ್ಗಲಿ. ಜೊತೆಗೆ, ಬರೆದು ಕೊಟ್ಟು ಮರಳಿ ಪಡೆದ ಒಂದು ಕಾಗದದ ಕಥೆಯನ್ನೂ ಅವರಿಗೆ ಯಾರಾದರೂ ಹೇಳಬೇಕು.