ಮ್ಯಾಕ್ಸ್ ಡೆಲ್‌ಬ್ರೂಕ್ (ರಸಾಯನ ವಿಜ್ಞಾನಿ)

ಈ ಲೇಖನವು 1850ರಲ್ಲಿ ಜನಿಸಿದ ರಸಾಯನ ವಿಜ್ಞಾನಿಯನ್ನು ಕುರಿತದ್ದು. 1969ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅದೇ ಹೆಸರಿನ ಜೀವಭೌತ ವಿಜ್ಞಾನಿ ಇವರ ಅಣ್ಣನ ಮಗ.

ಮ್ಯಾಕ್ಸ್ ಎಮಿಲ್ ಜೂಲಿಯಸ್ ಡೆಲ್‌ಬ್ರೂಕ್ (ಜೂನ್ 16, 1850 – ಮೇ 4, 1919) ಜರ್ಮನಿಯ ರಸಾಯನ ವಿಜ್ಞಾನಿ. ಹುದುಗುವಿಕೆಯ ಉದ್ಯಮಗಳನ್ನು ಶಾಸ್ತ್ರೀಯ ತಳಹದಿಯ ಮೇಲೆ ನಿಲ್ಲಿಸಿದವರಲ್ಲಿ ಇವರು ಪ್ರಮುಖರು. ಮದ್ಯ ತಯಾರಿಕೆಯ ಸಾಧನವೆಂದಷ್ಟೇ ಪರಿಗಣಿತವಾಗಿದ್ದ ಯೀಸ್ಟನ್ನು ಪ್ರೋಟೀನಿನ ಆಕರವಾಗಿ ಕಂಡು, ಅದನ್ನು ಪಶು ಆಹಾರವಾಗಿಯೂ ಮನುಷ್ಯರ ಆಹಾರವಾಗಿಯೂ ಬಳಸಲು ಇವರು ಶ್ರಮಿಸಿದರು. ಯೀಸ್ಟಿಗೆ ಸಕ್ಕರೆಯನ್ನು ಒಮ್ಮೆಲೇ ಕೊಡದೆ ಅದರ ಬೆಳವಣಿಗೆಗೆ ತಕ್ಕಂತೆ ಸ್ವಲ್ಪಸ್ವಲ್ಪವಾಗಿ ಉಣಿಸುವ ವಿಧಾನವು ಇವರು ಮುನ್ನಡೆಸಿದ ಬರ್ಲಿನ್ ಸಂಸ್ಥೆಯಲ್ಲಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡಿತು. ಇಂದು ಫೆಡ್-ಬ್ಯಾಚ್ ಎಂಬ ಹೆಸರಿನಿಂದ ಪ್ರಚಲಿತವಾಗಿರುವುದು ಈ ವಿಧಾನವೇ.

ಜನನ ಮತ್ತು ವಿದ್ಯಾಭ್ಯಾಸ

ಡೆಲ್‌ಬ್ರೂಕ್ ಬಾಲ್ಟಿಕ್ ಸಮುದ್ರದ ರೂಗೆನ್ ದ್ವೀಪದಲ್ಲಿರುವ ಬೆರ್ಗೆನ್ ಪಟ್ಟಣದಲ್ಲಿ ಜನಿಸಿದರು. ತಂದೆ ನ್ಯಾಯಾಧೀಶರಾಗಿದ್ದರು. ಅಣ್ಣ ಹಾನ್ಸ್ ಡೆಲ್‌ಬ್ರೂಕ್ ಯುದ್ಧಗಳ ಇತಿಹಾಸವನ್ನು ಬರೆದು ಪ್ರಸಿದ್ಧರಾದರು. ಮ್ಯಾಕ್ಸ್ ಅವರು ಬರ್ಲಿನ್ ಹಾಗೂ ಗ್ರೈಫ್ಸ್‌ವಾಲ್ಡ್‌ಗಳಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿ, 1872ರಲ್ಲಿ ಬರ್ಲಿನ್ನಿನ ಕೈಗಾರಿಕಾ ಅಕಾಡೆಮಿಯಲ್ಲಿ ಸಹಾಯಕರಾಗಿ ಸೇರಿದರು.

ಬರ್ಲಿನ್ ಸಂಸ್ಥೆ

ಆ ಕಾಲದ ಪ್ರಷ್ಯದಲ್ಲಿ ಆಲೂಗಡ್ಡೆಯಿಂದ ಸ್ಪಿರಿಟ್ ಇಳಿಸುವುದು ದೊಡ್ಡ ಕೃಷಿ ಉದ್ಯಮವಾಗಿತ್ತು. ಗಂಜಿ ಕೆಟ್ಟರೆ ರೈತನಿಗೂ ಭಟ್ಟಿಯವನಿಗೂ ನಷ್ಟ. ಅದು ಏಕೆ ಕೆಟ್ಟಿತೆಂದು ಹೇಳಬಲ್ಲವರು ಮಾತ್ರ ವಿರಳ. 1874ರಲ್ಲಿ ಸ್ಪಿರಿಟ್ ತಯಾರಕರಿಗಾಗಿ ಆರಂಭವಾದ ಪ್ರಯೋಗಾಲಯದ ಹೊಣೆ ಡೆಲ್‌ಬ್ರೂಕ್ ಅವರ ಪಾಲಿಗೆ ಬಂದಿತು. ಮುಂದೆ ಬಿಯರ್ ತಯಾರಿಕೆಯ ಶಾಖೆಯೂ ಅದರೊಡನೆ ಕೂಡಿ, ಬರ್ಲಿನ್ನಿನ ವೆಡ್ಡಿಂಗ್ ಭಾಗದಲ್ಲಿ ಹುದುಗುವಿಕೆ ಉದ್ಯಮಗಳ ಸಂಸ್ಥೆಯಾಗಿ ಬೆಳೆಯಿತು. ಅವರು 1887ರಲ್ಲಿ ಕೃಷಿ ಕಾಲೇಜಿನ ಬೋಧಕರಾಗಿ, 1899ರಲ್ಲಿ ಪೂರ್ಣ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಸ್ಪಿರಿಟ್ ಮತ್ತು ಬಿಯರ್ ಉದ್ಯಮಗಳ ಎರಡು ಪತ್ರಿಕೆಗಳ ಸಂಪಾದಕತ್ವವೂ ಅವರಿಗೆ ಸೇರಿತ್ತು.

ಪೂರ್ವ ಆಫ್ರಿಕಾದ ಸಿರಿಧಾನ್ಯದ ಬಿಯರಿನಲ್ಲಿದ್ದ ಯೀಸ್ಟನ್ನು ಪಾಲ್ ಲಿಂಡ್ನರ್ 1893ರಲ್ಲಿ ಸ್ಕಿಜೊಸ್ಯಾಕರೊಮೈಸಿಸ್ ಪೊಂಬೆ ಎಂದು ವರ್ಣಿಸಿದ್ದು ಇದೇ ಸಂಸ್ಥೆಯಲ್ಲಿ. ಜೀವಕೋಶವಿಲ್ಲದ ಯೀಸ್ಟ್ ರಸದಿಂದಲೂ ಹುದುಗುವಿಕೆ ನಡೆಯುತ್ತದೆಂದು ತೋರಿಸಿದ ಎಡ್ವರ್ಡ್ ಬೂಖ್ನರ್ 1898ರಲ್ಲಿ ಕೃಷಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು.

ಡೆನ್ಮಾರ್ಕಿನ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ತಳಿಯನ್ನು ಬೆಳೆಸುವ ಕ್ರಮವನ್ನು 1883ರಲ್ಲಿ ಬಳಕೆಗೆ ತಂದಿದ್ದರು. ಡೆಲ್‌ಬ್ರೂಕ್ ಹಿಡಿದ ದಾರಿ ಬೇರೆ. ಉಷ್ಣಾಂಶ, ಹುಳಿ, ಗಾಳಿ ಮತ್ತು ಆಹಾರವನ್ನು ಹೊಂದಿಸಿದರೆ ಬೇಕಾದ ಜೀವಿಯೇ ಉಳಿದವನ್ನು ಹಿಂದಿಕ್ಕಿ ಬೆಳೆಯುತ್ತದೆಂಬುದು ಅವರು ಪ್ರತಿಪಾದಿಸಿದ ಸಹಜ ಶುದ್ಧ ಕೃಷಿಯ ತತ್ತ್ವ. ಜೀವಿಯ ಆಯ್ಕೆಯಷ್ಟೇ ಅದರ ಪೋಷಣೆಯೂ ಮುಖ್ಯವೆಂಬ ಈ ದೃಷ್ಟಿ ಅವರ ನಂತರದ ಕೆಲಸಕ್ಕೆ ಬುನಾದಿಯಾಯಿತೆನ್ನಬಹುದು.

ಯೀಸ್ಟ್ ಮತ್ತು ಪ್ರೋಟೀನ್

ಬಿಯರ್ ತಯಾರಿಕೆಯ ಕೊನೆಯಲ್ಲಿ ತಳದಲ್ಲಿ ಉಳಿಯುವ ಯೀಸ್ಟಿನ ಬಹುಭಾಗ ಆಗ ಚರಂಡಿಗೆ ಹೋಗುತ್ತಿತ್ತು. ಒಣಗಿದ ಯೀಸ್ಟಿನ ತೂಕದಲ್ಲಿ ಸರಿಸುಮಾರು ಅರ್ಧದಷ್ಟು ಪ್ರೋಟೀನ್ ಇರುತ್ತದೆ. ಬಿ ಗುಂಪಿನ ಜೀವಸತ್ವಗಳೂ ಹೇರಳ. ಈ ಶೇಷವನ್ನು ತೊಳೆದು ಹಾಪ್ಸ್‌ನ ಕಹಿಯನ್ನು ನೀಗಿಸಿ, ಒಣಗಿಸಿ ದನ, ಕುದುರೆ, ಹಂದಿಗಳಿಗೆ ಮೇವಾಗಿ ಕೊಡಬಹುದೆಂಬುದನ್ನು ಡೆಲ್‌ಬ್ರೂಕ್ ಮತ್ತು ಸಹೋದ್ಯೋಗಿಗಳು 1910ರ ವೇಳೆಗೆ ಪ್ರಚುರಪಡಿಸಿದ್ದರು.

ಶೇಷದ ಪ್ರಮಾಣಕ್ಕೆ ಒಂದು ಮಿತಿಯಿದೆ. ಪ್ರೋಟೀನಿಗಾಗಿಯೇ ಯೀಸ್ಟನ್ನು ಬೆಳೆಸಬೇಕಾದರೆ ಮದ್ಯದ ಭಟ್ಟಿಯ ಪದ್ಧತಿ ಕೆಲಸಕ್ಕೆ ಬಾರದು. ಗಾಳಿಯಿದ್ದಾಗ ಯೀಸ್ಟ್ ಹೆಚ್ಚು ಬೆಳೆದು ಕಡಿಮೆ ಮದ್ಯವನ್ನು ಕೊಡುತ್ತದೆಂಬುದನ್ನು ಲೂಯಿ ಪಾಶ್ಚರ್ 1861ರಲ್ಲಿಯೇ ತೋರಿಸಿದ್ದರು. ಸಕ್ಕರೆ, ಅಮೋನಿಯಂ ಲವಣ ಮತ್ತು ಯೀಸ್ಟಿನ ಬೂದಿ ಇವಿಷ್ಟರಲ್ಲಿಯೇ ಅದು ಬೆಳೆಯಬಲ್ಲದೆಂಬುದೂ ಪಾಶ್ಚರರ ಶೋಧನೆ. ಮೇವಿನ ಪ್ರೋಟೀನ್ ಇಲ್ಲದೆಯೇ ಅಗ್ಗದ ಲವಣದ ಸಾರಜನಕದಿಂದ ಯೀಸ್ಟ್ ಪ್ರೋಟೀನನ್ನು ಕಟ್ಟಬಲ್ಲದೆಂಬುದು ಇದರ ಅರ್ಥ. ಹಸುವಿಗಾಗಲಿ ಮನುಷ್ಯನಿಗಾಗಲಿ ಸ್ವತಃ ಈ ಶಕ್ತಿ ಇಲ್ಲ. ಹಸುವಿನ ಹೊಟ್ಟೆಯಲ್ಲಿ ಈ ಕೆಲಸವನ್ನು ಮಾಡುವವು ಅಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು.

ಆದರೆ ಗಾಳಿಯೊಂದೇ ಸಾಲದು. ದ್ರವದಲ್ಲಿ ಸಕ್ಕರೆ ಮಿತಿಮೀರಿದರೆ, ಎಷ್ಟೇ ಗಾಳಿ ಊದಿದರೂ ಯೀಸ್ಟ್ ಅದರ ಬಹುಪಾಲನ್ನು ಮದ್ಯವಾಗಿ ಮಾರ್ಪಡಿಸುತ್ತದೆ. ಲೀಟರಿಗೆ ಒಂದು ಗ್ರಾಮಿಗಿಂತ ಕಡಿಮೆ ಸಕ್ಕರೆಯಿದ್ದರೂ ಇದು ಆರಂಭವಾಗಬಹುದು. ಲೆಕ್ಕ ಹಾಕಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 100 ಕೆ.ಜಿ. ಸಕ್ಕರೆ ಸಂಪೂರ್ಣವಾಗಿ ಉಸಿರಾಟದ ಮಾರ್ಗದಲ್ಲಿ ಬಳಕೆಯಾದರೆ ಸುಮಾರು 50 ಕೆ.ಜಿ. ಒಣ ಯೀಸ್ಟ್, ಅಂದರೆ 25 ಕೆ.ಜಿ.ಯ ಸಮೀಪ ಪ್ರೋಟೀನ್ ದೊರೆಯುತ್ತದೆ. ಅದೇ ಸಕ್ಕರೆ ಮದ್ಯದ ಮಾರ್ಗ ಹಿಡಿದರೆ ಯೀಸ್ಟ್ 10 ಕೆ.ಜಿ.ಯನ್ನೂ ಮುಟ್ಟುವುದು ಕಷ್ಟ.

ಯುದ್ಧಕಾಲದ ಉಣಿಕೆ ವಿಧಾನ

1914ರಲ್ಲಿ ಯುದ್ಧ ಆರಂಭವಾಗಿ ಬ್ರಿಟನ್ ಸಮುದ್ರಮಾರ್ಗಗಳನ್ನು ಮುಚ್ಚಿತು. ಹೊರದೇಶಗಳ ಬಾರ್ಲಿ ಮತ್ತು ಹಿಂಡಿಯನ್ನು ನಂಬಿದ್ದ ಜರ್ಮನಿಯ ಪಶುಸಂಪತ್ತಿಗೆ ಮೇವು ಇಲ್ಲವಾಯಿತು. 1915ರ ವಸಂತದಲ್ಲಿ, ಹಂದಿಗಳು ಮನುಷ್ಯರ ಆಲೂಗಡ್ಡೆಯನ್ನು ತಿಂದು ಮುಗಿಸುತ್ತವೆಂಬ ಲೆಕ್ಕಾಚಾರದ ಮೇಲೆ ಲಕ್ಷಾಂತರ ಹಂದಿಗಳನ್ನು ಕಡಿಯಲಾಯಿತು. ಪ್ರೋಟೀನಿನ ಕೊರತೆ ಇದರಿಂದ ಇನ್ನಷ್ಟು ಬಿಗಡಾಯಿಸಿತು. ಇಂತಹ ಸನ್ನಿವೇಶದಲ್ಲಿ ಡೆಲ್‌ಬ್ರೂಕ್ ಅವರ ಸಂಸ್ಥೆ ಬೀಟ್ ಸಕ್ಕರೆಯ ಕಾಕಂಬಿ, ಅಮೋನಿಯಂ ಸಲ್ಫೇಟ್ ಮತ್ತು ಖನಿಜ ಲವಣಗಳಿಂದ ಬೆಳೆಸಿದ ಖನಿಜ ಯೀಸ್ಟನ್ನು ಮುಂದಿಟ್ಟಿತು.

ಫ್ರೀಡ್ರಿಖ್ ಹೈಡುಕ್ ಮೊದಲಾದ ಸಹೋದ್ಯೋಗಿಗಳು ರೂಪಿಸಿದ ಉಣಿಕೆಯ ವಿಧಾನಕ್ಕೆ ಜರ್ಮನ್ ಭಾಷೆಯಲ್ಲಿ ತ್ಸುಲಾಫ್ ಎಂದು ಹೆಸರು. ಹರಿದುಬರುವುದು ಎಂದು ಇದರ ಅರ್ಥ. ತೊಟ್ಟಿಯಲ್ಲಿ ಮೊದಲು ತೆಳುವಾದ ದ್ರವವನ್ನಿಟ್ಟು ಬೀಜ ಯೀಸ್ಟನ್ನು ಬೆರೆಸಿ, ತಳದಿಂದ ಗಾಳಿಯನ್ನು ಊದುತ್ತಾ ಕಾಕಂಬಿಯನ್ನೂ ಅಮೋನಿಯಾವನ್ನೂ ಗಂಟೆಗಂಟೆಗೆ ಹರಿಯಬಿಡುತ್ತಿದ್ದರು. ಎತ್ತಿನ ಮುಂದೆ ವಾರದ ಹಿಂಡಿಯನ್ನು ಒಮ್ಮೆಲೇ ಸುರಿಯದೆ ಹೊತ್ತುಹೊತ್ತಿಗೆ ಇಡುವ ಒಕ್ಕಲಿಗನ ಕ್ರಮಕ್ಕೆ ಇದನ್ನು ಹೋಲಿಸಬಹುದು. ವ್ಯತ್ಯಾಸವೆಂದರೆ, ಇಲ್ಲಿ ಉಣ್ಣುವವರ ಸಂಖ್ಯೆಯೇ ಏರುತ್ತಿರುತ್ತದೆ. ಯೀಸ್ಟ್ 4 ಗಂಟೆಗೊಮ್ಮೆ ಇಮ್ಮಡಿಯಾಗುವುದಾದರೆ ಉಣಿಕೆಯ ವೇಗವೂ 4 ಗಂಟೆಗೊಮ್ಮೆ ಇಮ್ಮಡಿಯಾಗಬೇಕು. ಹೆಚ್ಚು ಉಣಿಸಿದರೆ ಸಕ್ಕರೆ ಮದ್ಯವಾಗಿ ಪೋಲಾಗುತ್ತದೆ. ಕಡಿಮೆ ಉಣಿಸಿದರೆ ತೊಟ್ಟಿ ಮತ್ತು ಸಮಯ ವ್ಯರ್ಥ. ಗಾಳಿಯ ಪೂರೈಕೆ ಅಥವಾ ತಂಪುಗೊಳಿಸುವ ಸಾಮರ್ಥ್ಯ ತನ್ನ ಮಿತಿಯನ್ನು ಮುಟ್ಟಿದ ಮೇಲೆ ಉಣಿಕೆಯನ್ನು ಏರಿಸದೆ ಒಂದೇ ಸಮನಾಗಿ ಇಡಬೇಕಾಗುತ್ತದೆ. ಡೆನ್ಮಾರ್ಕಿನ ಸೋರೆನ್ ಸಾಕ್ ಕೂಡ ಇದೇ ಅವಧಿಯಲ್ಲಿ ಇಂತಹುದೇ ವಿಧಾನವನ್ನು ಕಂಡುಕೊಂಡರು.

ವಿಧಾನ ಫಲಿಸಿತಾದರೂ ಯೋಜನೆ ನಿರೀಕ್ಷೆಯ ಮಟ್ಟಕ್ಕೆ ಏರಲಿಲ್ಲ. 25 ಕೆ.ಜಿ. ಪ್ರೋಟೀನಿಗೆ ಸುಮಾರು 4 ಕೆ.ಜಿ. ಸಾರಜನಕ, ಅಂದರೆ 19 ಕೆ.ಜಿ.ಯಷ್ಟು ಅಮೋನಿಯಂ ಸಲ್ಫೇಟ್ ಬೇಕು. ಅದೇ ಅಮೋನಿಯಾವನ್ನು ಮದ್ದುಗುಂಡಿನ ಕಾರ್ಖಾನೆಗಳೂ ಕೇಳುತ್ತಿದ್ದವು. ಸಕ್ಕರೆಯೂ ಕಾಕಂಬಿಯೂ ದುರ್ಲಭವಾದವು. ಕಾಕಂಬಿಯನ್ನು ದನಗಳು ನೇರವಾಗಿಯೇ ತಿನ್ನಬಲ್ಲವಾದ್ದರಿಂದ, ಅದನ್ನು ಯೀಸ್ಟಾಗಿ ಮಾರ್ಪಡಿಸಿದಾಗ ಪ್ರೋಟೀನ್ ಬಂದರೂ ಆಹಾರದ ಶಕ್ತಿಯ ಗಣನೀಯ ಭಾಗ ಕಳೆದುಹೋಗುತ್ತಿತ್ತು. ಹಸಿದ ದೇಶಕ್ಕೆ ಇದು ಸಣ್ಣ ಆಕ್ಷೇಪವಲ್ಲ. 1916–17ರ ಚಳಿಗಾಲದಲ್ಲಿ ನಗರವಾಸಿಗಳು ದನಗಳ ಮೇವಾದ ಟರ್ನಿಪ್ ಗೆಡ್ಡೆಯನ್ನೇ ತಿಂದು ಬದುಕಬೇಕಾಯಿತು.

ನಿಧನ

ಡೆಲ್‌ಬ್ರೂಕ್ 1919ರ ಮೇ 4ರಂದು ಬರ್ಲಿನ್ನಿನಲ್ಲಿ ತಮ್ಮ 68ನೆಯ ವಯಸ್ಸಿನಲ್ಲಿ ನಿಧನರಾದರು. ಯುದ್ಧ ನಿಂತು ಆರು ತಿಂಗಳಾಗುತ್ತ ಬಂದಿದ್ದರೂ ಸಮುದ್ರದ ದಿಗ್ಬಂಧನ ಇನ್ನೂ ಅಧಿಕೃತವಾಗಿ ತೆರವಾಗಿರಲಿಲ್ಲ.

ನಂತರದ ಬೆಳವಣಿಗೆಗಳು

ಯುದ್ಧಾನಂತರ ಉಣಿಕೆ ವಿಧಾನವು ಬ್ರೆಡ್ ಯೀಸ್ಟಿನ ಕಾರ್ಖಾನೆಗಳ ಸಾಮಾನ್ಯ ಕ್ರಮವಾಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯು ಮರದಿಂದ ಪಡೆದ ಸಕ್ಕರೆಯ ಮೇಲೆ ಟೊರುಲಾ ಯೀಸ್ಟನ್ನು ಬೆಳೆಸಿತು. ಸಕ್ಕರೆ ಹೆಚ್ಚಾದಾಗ ಗಾಳಿಯಿದ್ದರೂ ಮದ್ಯ ಉಂಟಾಗುವ ವಿದ್ಯಮಾನಕ್ಕೆ, ಗಂತಿಯ ಕೋಶಗಳಲ್ಲಿ 1929ರಲ್ಲಿ ಇಂತಹುದನ್ನು ವರ್ಣಿಸಿದ ಹರ್ಬರ್ಟ್ ಕ್ರ್ಯಾಬ್‌ಟ್ರೀ ಅವರ ಹೆಸರು ನಿಂತಿದೆ.

ಅಮೆರಿಕದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿ 1970ರ ದಶಕದಲ್ಲಿ ಮೆಥನಾಲ್ ಉಂಡು ಬೆಳೆಯುವ ಪಿಕಿಯಾ ಪ್ಯಾಸ್ಟೊರಿಸ್ ಎಂಬ ಯೀಸ್ಟನ್ನು ಮೇವಿನ ಪ್ರೋಟೀನಿಗಾಗಿಯೇ ಆರಿಸಿಕೊಂಡಿತ್ತು. ಮುಂದೆ ಅದೇ ಯೀಸ್ಟಿಗೆ ಬೇರೆ ಜೀವಿಗಳ ಜೀನ್ ಸೇರಿಸಿ ಔಷಧದ ಪ್ರೋಟೀನುಗಳನ್ನು ಪಡೆಯಲಾಯಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ಪಿಕಿಯಾದಿಂದ ಪಡೆದದ್ದು. ಪಿಕಿಯಾಕ್ಕೆ ಸಾಮಾನ್ಯವಾಗಿ ಮೊದಲು ಗ್ಲಿಸರಾಲ್ ಕೊಟ್ಟು ಕೋಶಗಳನ್ನು ಹೆಚ್ಚಿಸಿ, ಬಳಿಕ ಮೆಥನಾಲನ್ನು ಎಚ್ಚರಿಕೆಯಿಂದ ಉಣಿಸುತ್ತಾರೆ. ಸೇರಿಸಿದ ಜೀನ್ ಕೆಲಸ ಮಾಡಲು ಮೆಥನಾಲ್ ಬೇಕು. ಹೆಚ್ಚಾದರೆ ಅದು ಕೋಶದೊಳಗೆ ಫಾರ್ಮಾಲ್ಡಿಹೈಡ್ ಆಗಿ ಶೇಖರವಾಗಿ ಯೀಸ್ಟನ್ನೇ ಕೊಲ್ಲುತ್ತದೆ.

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಮತ್ತು ಸಮೀರವಾಡಿಯ ಕಬ್ಬಿನ ಸೀಮೆಯಲ್ಲಿ ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನು ಕಾಣಬಹುದು. ಇಂತಹ ಸೀಮೆಗಳ ಡಿಸ್ಟಿಲರಿಗಳಲ್ಲಿ ಕಾಕಂಬಿಯನ್ನು ಯೀಸ್ಟಿಗೆ ಧಾರಾಳವಾಗಿ ಉಣಿಸಿ ಎಥನಾಲ್ ಪಡೆಯುತ್ತಾರೆ. ಅಲ್ಲಿ ಬೇಕಾದದ್ದು ಮದ್ಯಸಾರ. ಯೀಸ್ಟ್ ಹೆಚ್ಚಾಗಿ ಬೆಳೆದರೆ ಅದೇ ನಷ್ಟ.

ಹೆಸರು

ಹುಳಿಯಾದ ಆಲೂಗಡ್ಡೆ ಗಂಜಿಯಿಂದ ಜಿ. ಲೈಖ್‌ಮಾನ್ 1896ರಲ್ಲಿ ವರ್ಣಿಸಿದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಕ್ಕೆ ಡೆಲ್‌ಬ್ರೂಕ್ ಅವರ ಹೆಸರನ್ನಿಡಲಾಯಿತು. ಅದು ಈಗ ಲ್ಯಾಕ್ಟೊಬ್ಯಾಸಿಲಸ್ ಡೆಲ್‌ಬ್ರೂಕಿಐ ಎಂದು ಪರಿಚಿತ. ಇದರ ಬಲ್ಗ್ಯಾರಿಕಸ್ ಎಂಬ ಉಪಪ್ರಭೇದವನ್ನು ಯೋಗರ್ಟ್ ಹೆಪ್ಪು ಹಾಕಲು ಬಳಸುತ್ತಾರೆ.